ಲೈನಲ್ಲಿ ನಿಂತ ಮಕ್ಕಳು ಆಟ ಕಲಿಯಲ್ಲ: ಲಕ್ರಾಸ್ ಪ್ರಾಕ್ಟೀಸ್ ಬಗ್ಗೆ ಮೂರು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಹಾಸನದ ಹತ್ರ, ಈಗಿರೋದು ಅಮೆರಿಕದ ಮೇರಿಲ್ಯಾಂಡಲ್ಲಿ. ಮಗನಿಗೆ 9 ವರ್ಷ, ಈ ಸಲ ಲಕ್ರಾಸ್‌ಗೆ ಸೇರ್ಸಿದೀವಿ, ತುದಿಗೆ ಬಲೆ ಇರೋ ಕೋಲಲ್ಲಿ ಬಾಲ್ ಹಿಡಿದು, ಎಸೆದು ಗೋಲ್ ಹೊಡೆಯೋ ಆಟ. ಕೋಚಿಂಗಿಗೆ ವಾಲಂಟಿಯರ್ಸ್ ಸಾಲ್ತಿಲ್ಲ ಅಂತ ಮೇಲ್ ಬಂತು, ಹೂಂ ಅಂದ್ಬಿಟ್ಟೆ, ಈಗ 16 ಮಕ್ಕಳು ನನ್ ತಲೆ ಮೇಲೆ. ನಾನು ಆಡಿರೋದು ಕ್ರಿಕೆಟ್ ಮಾತ್ರ, ಈ ಬಲೆ ಕಟ್ಟಿರೋ ಕೋಲು ಕೈಯಲ್ಲಿ ಹಿಡಿದಿದ್ದೇ ಹೋದ ತಿಂಗಳು. ವಾರಕ್ಕೆ 2 ಪ್ರಾಕ್ಟೀಸ್, ಒಂದೊಂದು 75 ನಿಮಿಷ. ಬಾಲ್ ಸ್ಟಿಕ್ಕಲ್ಲಿ ನಿಲ್ಲಲ್ಲ, ನೆಲದ ಮೇಲಿರೋ ಬಾಲ್ ಎತ್ತಕ್ಕೆ ಬರಲ್ಲ, ಆದ್ರೆ ಎಲ್ರಿಗೂ ಗೋಲಿಗೆ ಹೊಡೀಬೇಕು ಅನ್ನೋದೊಂದೇ ಹುಚ್ಚು. ಒಂದು ಪ್ರಾಕ್ಟೀಸ್ ಹೇಗೆ ಪ್ಲಾನ್ ಮಾಡ್ಲಿ?

ಉತ್ತರ: ಆ ಹುಚ್ಚನ್ನ ಅದುಮಬೇಡಿ ಸರ್, ಅದನ್ನೇ ಕೆಲಸಕ್ಕೆ ಹಚ್ಚಿ. ಬಾಲ್ ಕಂಟ್ರೋಲ್ ಒಂದಿನ, ಶೂಟಿಂಗ್ ಇನ್ನೊಂದಿನ ಅಂತ ಬೇರೆ ಬೇರೆ ಮಾಡೋ ಕೋಚ್‌ಗಳು ತುಂಬಾ ಜನ ಇದಾರೆ, ನನಗೆ ಅದು ಸರಿ ಕಾಣಲ್ಲ. ಮ್ಯಾಚಲ್ಲಿ ಯಾವ ಮಗುವೂ ಬಾಲ್ ಕೈಲಿಟ್ಕೊಂಡು ಆರಾಮಾಗಿ ನಿಂತು ಗೋಲಿಗೆ ಹೊಡಿಯಲ್ಲ, ಒಂದೋ ನೆಲದಿಂದ ಎತ್ಕೊಂಡು ಓಡಿ ಹೊಡೀತಾನೆ, ಇಲ್ಲ ಪಾಸ್ ಹಿಡಿದು ಹೊಡೀತಾನೆ. ಹಾಗಾಗಿ ಪ್ರಾಕ್ಟೀಸಲ್ಲೂ ಪ್ರತಿ ಶಾಟ್‌ಗೂ ಮುಂಚೆ ಒಂದು ಎತ್ತೋದೋ ಹಿಡಿಯೋದೋ ಇರ್ಲಿ, ಶಾಟ್ ಅದಕ್ಕೆ ಸಿಗೋ ಬಹುಮಾನ ಆಗ್ಲಿ.

ಇನ್ನೊಂದು ಮಾತು ಮೊದಲೇ ಹೇಳ್ಬಿಡ್ತೀನಿ, 16 ಮಕ್ಕಳನ್ನ ಒಂದು ಗೋಲ್ ಮುಂದೆ ಒಂದೇ ಲೈನಲ್ಲಿ ನಿಲ್ಲಿಸಿದ್ರೆ ಒಬ್ಬ ಹೊಡೀವಾಗ 15 ಜನ ಹುಲ್ಲು ಕೀಳ್ತಾ ನಿಂತಿರ್ತಾರೆ, ಆಮೇಲೆ ಕೋಲಲ್ಲಿ ಒಬ್ರಿಗೊಬ್ರು ಹೊಡ್ಕೊಳಕ್ಕೆ ಶುರು ಮಾಡ್ತಾರೆ, ನೀವು ಕೂಗಾಡ್ತೀರ, ಅಲ್ಲಿಗೆ ಪ್ರಾಕ್ಟೀಸ್ ಮುಗೀತು. ಒಂದು ಗುಂಪಲ್ಲಿ 4 ಜನಕ್ಕಿಂತ ಜಾಸ್ತಿ ಬೇಡವೇ ಬೇಡ. ಅದಕ್ಕೆ ಜನ ಬೇಕು ಅಂದ್ರೆ ಪಕ್ಕದಲ್ಲಿ ಮಡಚೋ ಕುರ್ಚಿ ಹಾಕ್ಕೊಂಡು ಫೋನ್ ನೋಡ್ತಿರೋ ಅಪ್ಪ ಅಮ್ಮಂದಿರಲ್ಲಿ ಇಬ್ಬರನ್ನ ಎಬ್ಬಿಸಿ, ಬಾಲ್ ಉರುಳಿಸಕ್ಕೆ ಯಾರಾದ್ರೂ ಆಗುತ್ತೆ.

ಈಗ ಟೈಮ್. ಮೊದಲ 10 ನಿಮಿಷ ಗ್ರೌಂಡ್ ಸುತ್ತು ಹಾಕ್ಸೋದು ಬಿಡಿ. ಸುಮಾರು 20 ಗಜ ಅಗಲ ಉದ್ದಕ್ಕೆ ಕೋನ್ ಇಟ್ಟು, ಇಬ್ರನ್ನ ಬಿಟ್ಟು ಎಲ್ರಿಗೂ ಒಂದೊಂದು ಬಾಲ್ ಕೊಟ್ಟು ಅದರೊಳಗೇ ಓಡಾಡ್ಸಿ, ವಿಸಿಲ್ ಊದಿದ ತಕ್ಷಣ ಕೈ ಬದಲಾಯಿಸ್ಬೇಕು, ಇಬ್ರು ಬಾಲ್ ಇಲ್ದೆ ಇರೋ ಮಕ್ಕಳು ಮುಟ್ಟಾಟದ ಥರ ಉಳಿದೋರನ್ನ ಅಟ್ಟಿಸ್ಕೊಂಡು ಬರ್ತಾರೆ. ಓಡ್ವಾಗ ಬಾಲ್ ಬೀಳ್ದೆ ಇರಕ್ಕೆ ಸ್ಟಿಕ್ಕನ್ನ ತೂಗ್ತಾ ಹೋಗ್ತಾರಲ್ಲ, ಕ್ರೇಡ್ಲ್, ಅದನ್ನ ಕಲಿಯಕ್ಕೆ ಇದೇ ಸಾಕು. ಮೇಲಿನ ಕೈ ಮಣಿಕಟ್ಟು ಒಳಕ್ಕೆ ಹೊರಕ್ಕೆ ತಿರುಗ್ಬೇಕು, ಕೆಳಗಿನ ಕೈ ಸುಮ್ನೆ ಸಡಿಲವಾಗಿ ಹಿಡ್ಕೊಂಡಿರ್ಬೇಕು ಅಷ್ಟೇ. ಕೆಲವ್ರು ಇಡೀ ತೋಳು ಅತ್ತಿತ್ತ ಬೀಸ್ತಾರೆ, ಅಷ್ಟೊಂದು ಬೇಡ ಅಂತ ಹೇಳಿ.

ಆಮೇಲೆ 15 ನಿಮಿಷ ನೆಲದ ಬಾಲ್. ಇಲ್ಲೇ ನಿಮ್ಮ ಗಮನ ಜಾಸ್ತಿ ಇರ್ಬೇಕು, ಯಾಕಂದ್ರೆ ಈ ವಯಸ್ಸಲ್ಲಿ ಮ್ಯಾಚಿನ ಅರ್ಧ ಹೊತ್ತು ಬಾಲ್ ನೆಲದ ಮೇಲೇ ಇರುತ್ತೆ, ಎತ್ತಕ್ಕೆ ಬರೋ ಟೀಮೇ ಗೆಲ್ಲೋದು. ನಿಮ್ಮ ಕ್ರಿಕೆಟ್ ಅಭ್ಯಾಸ ಇಲ್ಲಿ ಅಡ್ಡ ಬರಬಹುದು, ಫೀಲ್ಡಿಂಗಲ್ಲಿ ಬಾಲ್ ಹಿಂದೆ ಮೈ ತಂದು ನಿಲ್ಲಿಸಿ ಎತ್ತು ಅಂತ ಕಲ್ತಿರ್ತೀವಿ, ಲಕ್ರಾಸಲ್ಲಿ ನಿಲ್ಲಿಸೋ ಹಾಗೇ ಇಲ್ಲ, ಓಡ್ತಾ ಓಡ್ತಾನೇ ಎತ್ಕೊಂಡು ಮುಂದಕ್ಕೆ ಹೋಗ್ತಾ ಇರ್ಬೇಕು. ನಿಂತು ಸ್ಟಿಕ್ಕನ್ನ ಬಾಲ್ ಮೇಲೆ ಇಟ್ಟು ಹಿಂದಕ್ಕೆ ಎಳ್ಕೊಳೋ ಅಭ್ಯಾಸ ಮಕ್ಕಳಿಗೆ ಬೇಗ ಅಂಟುತ್ತೆ, ಅಷ್ಟರಲ್ಲಿ ಎದುರು ಟೀಮಿನ ಇಬ್ರು ಮೈಮೇಲೆ ಬಂದಿರ್ತಾರೆ. ಮೂರೇ ವಿಷಯ ಹೇಳ್ಕೊಡಿ. ಬಾಲ್ ಪಕ್ಕಕ್ಕೆ ಕಾಲು ಬರ್ಲಿ, ಸೊಂಟ ಬಗ್ಗಿಸೋ ಬದ್ಲು ಮಂಡಿ ಬಗ್ಲಿ, ಕೆಳಗಿನ ಕೈ ನೆಲದ ಹತ್ರ ಇರ್ಲಿ. ಈ ಮೂರನೇದು ತಪ್ಪಿದ್ರೆ ಸ್ಟಿಕ್ಕಿನ ಮೂತಿ ನೆಲಕ್ಕೆ ಚುಚ್ಕೊಳುತ್ತೆ, ಹಿಂದಿನ ತುದಿ ಮಗುವಿನ ಹೊಟ್ಟೆಗೇ ತಿವಿಯುತ್ತೆ, ಒಂದ್ಸಲ ತಿವಿಸ್ಕೊಂಡವನು ಆಮೇಲೆ ನೀವು ಹೇಳ್ದೇನೇ ಬಗ್ತಾನೆ. ಎತ್ತಿದ ಕೂಡ್ಲೇ ಸ್ಟಿಕ್ಕನ್ನ ಕಿವಿ ಹತ್ರ ತಂದು, ಬೆನ್ನಿಂದ ಎದುರಾಳಿಗೆ ಅಡ್ಡ ಆಗಿ, ಮೂರು ಹೆಜ್ಜೆ ಜೋರಾಗಿ ಓಡ್ಬೇಕು.

ಇದಕ್ಕೆ ಅಮೆರಿಕದ ಕೋಚ್‌ಗಳೆಲ್ಲ ಆಡ್ಸೋ ಒಂದಾಟ ಇದೆ, ಹಂಗ್ರಿ ಹಿಪ್ಪೋಸ್ ಅಂತಾರೆ. ನಾಲ್ಕು ಮೂಲೆಲಿ ನಾಲ್ಕು ನಾಲ್ಕು ಮಕ್ಕಳು, ಮಧ್ಯದಲ್ಲಿ ಇರೋ ಬರೋ ಬಾಲೆಲ್ಲ ರಾಶಿ, ಒಂದ್ಸಲಕ್ಕೆ ಪ್ರತಿ ಮೂಲೆಯಿಂದ ಒಬ್ಬೊಬ್ರು ಓಡಿ ಒಂದೇ ಬಾಲ್ ಎತ್ಕೊಂಡು ಬರ್ಬೇಕು, ಮಧ್ಯದ ರಾಶಿ ಖಾಲಿ ಆದ್ಮೇಲೆ ಬೇರೆ ಮೂಲೆಯಿಂದ ಕದೀಬಹುದು. ಕದಿಯೋದು ಅಂದ ತಕ್ಷಣ ಅವರ ಮುಖ ನೋಡಿ ನೀವು. 2 ನಿಮಿಷದ ಒಂದೊಂದು ಸುತ್ತು, ಬೇಕಾದಷ್ಟಾಯ್ತು.

12 ನಿಮಿಷ ಪಾಸಿಂಗ್, ಜೋಡಿ ಜೋಡಿಯಾಗಿ, 8ರಿಂದ 10 ಗಜ ದೂರದಲ್ಲಿ. ಹಿಡಿಯೋದ್ರಲ್ಲಿ ನಿಮ್ಮ ಕ್ರಿಕೆಟ್ ಪೂರ್ತಿ ಕೆಲಸಕ್ಕೆ ಬರುತ್ತೆ, ಕ್ಯಾಚ್ ತಗೋವಾಗ ಕೈ ಹಿಂದಕ್ಕೆ ಕೊಡ್ತೀವಲ್ಲ ಅದೇ ಥರ ಸ್ಟಿಕ್ಕನ್ನ ಬಾಲ್ ಜೊತೆ ಸ್ವಲ್ಪ ಹಿಂದಕ್ಕೆ ಬಿಡ್ಬೇಕು, ಬಾಲಿಗೆ ಎದುರಾಗಿ ಚುಚ್ಚಿದ್ರೆ ಪುಟಿದು ಹೋಗುತ್ತೆ. ಗಟ್ಟಿ ರಬ್ಬರ್ ಬಾಲ್ ಅದು, 140 ಗ್ರಾಂ ಮೇಲಿರುತ್ತೆ, ಹೆದರೋ ಮಕ್ಕಳಿಗೆ ಮೊದಲ ಕೆಲವು ವಾರ ಪ್ರಾಕ್ಟೀಸ್‌ಗೆ ಅಂತಾನೇ ಸಿಗೋ ಮೆತ್ತನೆ ಬಾಲ್ ಕೊಡಿ, ನಾಚಿಕೆ ಏನಿಲ್ಲ. ಎಸೆಯೋದಕ್ಕೆ ಹೇಳ್ಬೇಕಾಗಿರೋದು ಒಂದೇ, ಮೇಲಿನ ಕೈ ತಳ್ಳುತ್ತೆ, ಕೆಳಗಿನ ಕೈ ಎಳೆಯುತ್ತೆ.

ಒಬ್ಬ ಮಗುವಿನ ಬಾಲ್ ಮಾತ್ರ ಪ್ರತಿ ಸಲ ಮುಂದೆ ನೆಲಕ್ಕೇ ಹೋಗ್ತಿದ್ರೆ ಮಗುನ ಬೈಯೋ ಮುಂಚೆ ಅವನ ಸ್ಟಿಕ್ ತಗೊಂಡು ನೀವೇ ನಾಲ್ಕು ಸಲ ಎಸೆದು ನೋಡಿ. ಬಲೆ ಮೇಲ್ಭಾಗದಲ್ಲಿ ಅಡ್ಡ ಕಟ್ಟಿರೋ ದಾರಗಳು ತೀರಾ ಬಿಗಿ ಆಗಿದ್ರೆ ಬಾಲ್ ಅದಕ್ಕೆ ಸಿಕ್ಕಾಕ್ಕೊಂಡು ಲೇಟಾಗಿ ಬಿಡುತ್ತೆ, ಅದಕ್ಕೇ ನೆಲಕ್ಕೆ ಹೋಗೋದು. ಬಾಲ್ ಹಾಕಿ ಸ್ಟಿಕ್ಕನ್ನ ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ನೋಡಿ, ಪಕ್ಕದ ಪ್ಲಾಸ್ಟಿಕ್ ಗೋಡೆಗಿಂತ ಕೆಳಗೆ ಇಡೀ ಬಾಲ್ ಇಳಿದು ಬಿಟ್ಟಿದ್ರೆ ಪಾಕೆಟ್, ಅಂದ್ರೆ ಬಾಲ್ ಕೂರೋ ಬಲೆಯ ಗುಳಿ, ಜಾಸ್ತಿ ಆಳ ಆಯ್ತು ಅಂತ ಅರ್ಥ, ಹುಡುಗರ ಆಟದಲ್ಲಿ ಅದು ರೂಲ್ಸ್ ಪ್ರಕಾರನೂ ತಪ್ಪು.

3 ನಿಮಿಷ ನೀರು. ಆ ಹೊತ್ತಲ್ಲಿ ನಾನು ಆಟದ ಕತೆ ಒಂದಿಷ್ಟು ಹೇಳ್ತೀನಿ, ಇದು ಹೋಡೆನೋಶೋನಿ ಅಂತ ಇಲ್ಲಿನ ಮೂಲನಿವಾಸಿಗಳ ಆಟ, ಅವರಿಗೆ ಇದು ದೇವರು ಕೊಟ್ಟ ಆಟ, ಹುಷಾರಿಲ್ಲದವರಿಗೆ ವಾಸಿಯಾಗ್ಲಿ ಅಂತಾನೂ ಆಡ್ತಾರೆ. 1860ರ ದಶಕದಲ್ಲಿ ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬೀರ್ಸ್ ರೂಲ್ಸ್ ಬರೆದಿದ್ದೆಲ್ಲ ಆಮೇಲಿನ ಮಾತು, ಇವತ್ತಿಗೂ ಹೋಡೆನೋಶೋನಿಗಳು ವರ್ಲ್ಡ್ ಚಾಂಪಿಯನ್‌ಶಿಪ್ಪಲ್ಲಿ ತಮ್ಮದೇ ಬಾವುಟ ಹಿಡಿದು ಆಡ್ತಾರೆ. ನಿಮ್ಮ ಮಗನಿಗೆ ಇನ್ನೊಂದೂ ಹೇಳಿ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ಟನ್ನೂ ಲಕ್ರಾಸನ್ನೂ ಸೇರಿಸಿದ್ದು ಒಂದೇ ಮೀಟಿಂಗಲ್ಲಿ, 2023ರ ಅಕ್ಟೋಬರಲ್ಲಿ, ಅದೂ ನಮ್ಮ ಮುಂಬೈಲಿ.

ಈಗ ಅವರು ಕಾಯ್ತಿರೋ ಶೂಟಿಂಗ್, 15 ನಿಮಿಷ. ಗೋಲ್ 6 ಅಡಿ ಅಗಲ 6 ಅಡಿ ಎತ್ತರ, ಒಳಗೆ ಗೋಲಿ, ಅಂದ್ರೆ ಗೋಲ್‌ಕೀಪರ್, ಬೇಡ. ಬದ್ಲಿಗೆ ನಾಲ್ಕು ಮೂಲೆಗೆ ಬಣ್ಣದ ಪ್ರಾಕ್ಟೀಸ್ ಬನಿಯನ್ ಕಟ್ಟಿ, ಅದೇ ಗುರಿ. ಎರಡು ಗೋಲ್ ಸಿಕ್ಕಿದ್ರೆ ಒಳ್ಳೇದು, ಒಂದೇ ಇದ್ರೆ ಅರ್ಧ ಮಕ್ಕಳು ಶೂಟಿಂಗ್, ಇನ್ನರ್ಧ ಪಕ್ಕದಲ್ಲಿ ಇಬ್ಬಿಬ್ಬರಾಗಿ ನೆಲದ ಬಾಲಿಗೆ ಪೈಪೋಟಿ, ಆಮೇಲೆ ಅದಲು ಬದಲು. ಮೊದಲು ನೀವು ಬಾಲ್ ಉರುಳಿಸ್ತೀರ, ಮಗು ಎತ್ತುತ್ತೆ, ಮೂರು ಹೆಜ್ಜೆಯೊಳಗೆ ಹೊಡೆಯುತ್ತೆ. ಆಮೇಲೆ ಪಾಸ್ ಕೊಡ್ತೀರ, ಹಿಡಿದು ಹೊಡೆಯುತ್ತೆ. ದೂರ 8 ಗಜ ಸಾಕು.

ಹೇಳ್ಕೊಡೋದು ಏನಂದ್ರೆ, ಕೈ ಎರಡೂ ಮೈಯಿಂದ ದೂರ ಇರ್ಲಿ, ಪಕ್ಕೆಗೆ ಅಂಟಿಸ್ಕೊಂಡು ಹೊಡೆದ್ರೆ ಬಾಲಿಗೆ ಜೀವನೇ ಇರಲ್ಲ. ಬಲಗೈಯವನಾದ್ರೆ ಎಡಭುಜ ಗೋಲಿನ ಕಡೆ, ಎಡಗಾಲು ಮುಂದಕ್ಕೆ, ಸೊಂಟ ತಿರುಗಿ, ಆಮೇಲೆ ಕೈ. ತಲೆ ಮೇಲಿಂದ ಹೊಡೆಯೋದು ಮಾತ್ರ ಕಲಿಸಿ. ವಿಡಿಯೋ ನೋಡ್ಕೊಂಡು ಬಂದು ಪಕ್ಕದಿಂದ ಬೀಸಿ ಹೊಡೆಯೋರು, ಬೆನ್ನ ಹಿಂದಿಂದ ಹೊಡೆಯೋರು ಇದ್ದೇ ಇರ್ತಾರೆ, ಪ್ರಾಕ್ಟೀಸ್ ಮುಗಿದ್ಮೇಲೆ 2 ನಿಮಿಷ ಅದಕ್ಕೇ ಬಿಡ್ತೀನಿ ಅಂದ್ರೆ ಸುಮ್ನಾಗ್ತಾರೆ. ಜೋರು ಆಮೇಲೆ ತಾನಾಗೇ ಬರುತ್ತೆ, ಮೊದಲು ಗುರಿ ಬರ್ಲಿ. ಬೌನ್ಸ್ ಶಾಟ್ ಖಂಡಿತ ಸೇರ್ಸಿ, ಗೋಲ್ ಗೆರೆಗೆ ಸ್ವಲ್ಪ ಮುಂಚೆ ನೆಲಕ್ಕೆ ಬಡಿದು ಏಳೋ ಬಾಲ್ ತಡೆಯೋದು ಚಿಕ್ಕ ಗೋಲಿಗಳಿಗೆ ತುಂಬಾ ಕಷ್ಟ, ಯಾರ್ಕರ್ ಹಾಕಿದವ್ರು ನೀವು, ಬೇರೆ ಹೇಳ್ಬೇಕಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡ್ಬೇಡಿ. ಶೂಟಿಂಗ್ ನಡೀತಿರೋವಾಗ ಗೋಲ್ ಹಿಂದೆ ಒಬ್ರೂ ಇರ್ಕೂಡದು, ಬಾಲ್ ಹುಡುಕಕ್ಕೆ ಹೋಗೋದು ಎಲ್ರೂ ಒಟ್ಟಿಗೆ, ವಿಸಿಲ್ ಆದ್ಮೇಲೆ. ಹೆಲ್ಮೆಟ್, ಮೌತ್‌ಗಾರ್ಡ್ ತೆಗೆಯೋದು ನೀರಿನ ಹೊತ್ತಲ್ಲಿ ಮಾತ್ರ. ಹುಡುಗರ ಶೋಲ್ಡರ್ ಪ್ಯಾಡ್‌ಗೆ 2022ರಿಂದ ಎದೆ ಕಾಯೋ ಹೊಸ ಸ್ಟಾಂಡರ್ಡ್ ಕಡ್ಡಾಯ ಆಗಿದೆ, ಎದೆಗೆ ಬಾಲ್ ಬಡಿದು ಹೃದಯ ನಿಂತೋಗೋ ಅಪಾಯ ಇರೋದ್ರಿಂದ, ಹಾಗಾಗಿ ಅಣ್ಣನ ಹಳೇ ಪ್ಯಾಡ್ ಹಾಕ್ಕೊಂಡು ಬಂದ್ರೆ ನೊಕ್ಸೆ (NOCSAE, ಆಟದ ರಕ್ಷಣಾ ಸಾಮಾನಿಗೆ ಸ್ಟಾಂಡರ್ಡ್ ಮಾಡೋ ಸಂಸ್ಥೆ) ಗುರುತು ಇದ್ಯಾ ಅಂತ ನೋಡ್ಲೇಬೇಕು. ಗೋಲಿ ಆಗೋ ಮಗುನ ಈ ಹೊತ್ತಲ್ಲಿ ಬೇರೆ ಕಡೆ ಕರ್ಕೊಂಡೋಗಿ ಟೆನಿಸ್ ಬಾಲಲ್ಲಿ ತಡೆಯೋದು ಅಭ್ಯಾಸ ಮಾಡ್ಸಿ, 15 ಜನರ ಹೊಡೆತಕ್ಕೆ ಅವನನ್ನ ನಿಲ್ಲಿಸಿದ್ರೆ ಮುಂದಿನ ವಾರ ಅವನು ಬರಲ್ಲ.

ಉಳಿದ 20 ನಿಮಿಷ ಆಟ. ಚಿಕ್ಕ ಜಾಗದಲ್ಲಿ ಎರಡು ಕಡೆ, ನಾಲ್ಕು ನಾಲ್ಕು ಜನ ಆಡ್ಸಿ, ನಿಮ್ಮ ಮಗನ ವಯಸ್ಸಿನವರಿಗೆ ಮ್ಯಾಚೂ ಚಿಕ್ಕ ಟೀಮೇ, ಪೂರ್ತಿ 10 ಜನರ ಆಟ ದೊಡ್ಡೋರಾದ್ಮೇಲೆ. ಒಂದೇ ಶರತ್ತು, ಗೋಲಿಗೆ ಮುಂಚೆ ಒಂದು ಪಾಸಾದ್ರೂ ಆಗಿರ್ಬೇಕು. ಮೊದಲ ದಿನ ಗಲಾಟೆ ಸಂತೆ ಥರ ಇರುತ್ತೆ, ವಿಸಿಲ್ ಜೇಬಲ್ಲಿಟ್ಕೊಳ್ಳಿ, ನಿಲ್ಲಿಸಿ ನಿಲ್ಲಿಸಿ ಪಾಠ ಮಾಡ್ಬೇಡಿ.

ಪ್ರಶ್ನೆ: ಮಗಳು ನ್ಯೂಜೆರ್ಸಿಲಿ ಹುಡುಗಿಯರ ಟೀಮಲ್ಲಿ ಆಡ್ತಾಳೆ, 11 ವರ್ಷ. ಹುಡುಗರ ಪ್ರಾಕ್ಟೀಸ್ ಪ್ಲಾನೇ ಇವರಿಗೂ ನಡೆಯುತ್ತಾ?

ಉತ್ತರ: ನೆಲದ ಬಾಲ್, ಪಾಸಿಂಗ್‌ವರೆಗೂ ನಡೆಯುತ್ತೆ ಮೇಡಂ. ಹುಡುಗಿಯರ ಸ್ಟಿಕ್ಕಿನ ಪಾಕೆಟ್ ಆಳ ಕಮ್ಮಿ, ಬಾಲ್ ಬೇಗ ಜಾರುತ್ತೆ, ಹಾಗಾಗಿ ತೂಗೋ ಅಭ್ಯಾಸಕ್ಕೆ ಇನ್ನೊಂದು 5 ನಿಮಿಷ ಜಾಸ್ತಿ ಕೊಡ್ಸಿ. ಶೂಟಿಂಗಲ್ಲೇ ದೊಡ್ಡ ವ್ಯತ್ಯಾಸ ಇರೋದು. ಗೋಲಿ ಬಿಟ್ಟು ಉಳಿದವರು ಮೈಗೆ ಪ್ಯಾಡ್ ಹಾಕ್ಕೊಳಲ್ಲ, ಕಣ್ಣಿಗೆ ಗಾಗಲ್ಸ್, ಬಾಯಿಗೆ ಮೌತ್‌ಗಾರ್ಡ್ ಅಷ್ಟೇ, ಅದಕ್ಕೇ ಹೊಡೆಯೋಳು ಮತ್ತೆ ಗೋಲ್ ಮಧ್ಯದ ಜಾಗಕ್ಕೆ ಡಿಫೆಂಡರ್ ಸುಮ್ನೆ ಬಂದು ನಿಂತ್ರೆ ಫೌಲ್, ಎದುರಿಗೆ ಜನ ಇದ್ರೂ ಲೆಕ್ಕಿಸ್ದೆ ಅಪಾಯ ಆಗೋ ಥರ ಹೊಡೆದ್ರೆ ಹೊಡೆದವಳದ್ದೇ ಫೌಲ್. ಅಂದ್ರೆ ಹೊಡೆಯೋ ಮುಂಚೆ ಕಣ್ಣೆತ್ತಿ ದಾರಿ ನೋಡೋದು ಇವರಿಗೆ ಶೂಟಿಂಗಿನದೇ ಭಾಗ. ಪ್ರಾಕ್ಟೀಸಲ್ಲಿ ಗೋಲ್ ಹತ್ರ ದೊಡ್ಡ ಕಸದ ಡಬ್ಬ ಒಂದನ್ನ ಇಟ್ಟು ಆಗಾಗ ಜಾಗ ಬದಲಾಯಿಸ್ತಾ ಇರಿ, ಅದು ಅಡ್ಡ ಇದ್ರೆ ಹೊಡೀಬಾರ್ದು, ಪಾಸ್ ಕೊಡ್ಬೇಕು.

ಪ್ರಶ್ನೆ: ಮಗ ಮನೇಲಿ ಗ್ಯಾರೇಜ್ ಬಾಗಿಲಿಗೆ ಬಾಲ್ ಹೊಡೀತಾ ಪ್ರಾಕ್ಟೀಸ್ ಮಾಡ್ತಾನೆ. ಬಾಗಿಲು ಹೋಯ್ತು. ಅಭ್ಯಾಸ ನಿಲ್ಲಿಸ್ಲಾ?

ಉತ್ತರ: ಅಯ್ಯೋ ನಿಲ್ಲಿಸ್ಬೇಡಿ, ಬಾಗಿಲು ಬದಲಾಯಿಸಿ. ತಮಾಷೆಗೆ ಅಂದೆ. ಗೋಡೆಗೆ ಎಸೆದು ಹಿಡಿಯೋದು, ಇಲ್ಲಿ ವಾಲ್ ಬಾಲ್ ಅಂತಾರೆ, ಅದಕ್ಕಿಂತ ಒಳ್ಳೇ ಅಭ್ಯಾಸ ಈ ಆಟದಲ್ಲಿ ಇನ್ನೊಂದಿಲ್ಲ. ಕಿಟಕಿ ಇಲ್ದೇ ಇರೋ ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆ ಹುಡುಕಿ, ಪಾರ್ಕಿನ ಹ್ಯಾಂಡ್‌ಬಾಲ್ ಕೋರ್ಟಿನ ಗೋಡೆ, ರಜಾದಿನ ಪರ್ಮಿಷನ್ ತಗೊಂಡು ಸ್ಕೂಲಿನ ಹಿಂಬದಿ, ಯಾವುದಾದ್ರೂ ಸರಿ. 5 ಗಜ ದೂರ ನಿಂತು ಬಲಗೈ 25, ಎಡಗೈ 25, ಆಮೇಲೆ ಒಂದು ಕೈಲಿ ಹಿಡಿದು ಇನ್ನೊಂದು ಕೈಗೆ ಬದಲಾಯಿಸಿ ಎಸೆಯೋದು 25. ಹತ್ತು ನಿಮಿಷದ ಕೆಲಸ, ದಿನಾ ಆದ್ರೆ ಸಾಕು. ಹೆಲ್ಮೆಟ್ ಹಾಕ್ಕೊಳಕ್ಕೆ ಹೇಳಿ. ಬಾಲ್ ಹಳೇದಾಗಿ ಮೇಲ್ಮೈ ನುಣುಪಾಗಿ ಹೊಳೆಯಕ್ಕೆ ಶುರುವಾದ್ರೆ ಪಾಕೆಟ್ಟಲ್ಲಿ ನಿಲ್ಲಲ್ಲ, ಗಟ್ಟಿನೂ ಆಗಿರುತ್ತೆ, ಅದನ್ನ ನಾಯಿಗೆ ಕೊಟ್ಟು ಹೊಸದು ತನ್ನಿ.