ಟೀಚರ್ ಡಿಪಿ ಹಾಕಿ ಯಾರೋ ದುಡ್ಡು ಕೇಳಿದ್ರು

(ಹೆಸರು, ಗುರುತು ಎಲ್ಲ ಬದಲಾಯಿಸಿದ್ದೇನೆ, ಅವರ ಒಪ್ಪಿಗೆ ಪಡೆದೇ ಬರೀತಿದ್ದೇನೆ.)

ಮಂಜೇಶ್ವರ ಕಡೆಯ ಕನ್ನಡ ಮೀಡಿಯಂ ಶಾಲೆ ಟೀಚರ್, ನಲವತ್ತು ದಾಟಿದೆ, ಸುಮ ಅಂತ ಇಟ್ಕೊಳ್ಳುವ. ನನ್ನ ಹತ್ರ ಕೌನ್ಸೆಲಿಂಗಿಗೆ ಬಂದಾಗ ಫೋನನ್ನ ಸೆರಗಲ್ಲಿ ಸುತ್ತಿ ಹಿಡ್ಕೊಂಡಿದ್ರು, ಟಿಂಗ್ ಅಂದ್ರೆ ಸಾಕು ಎದೆ ಹೊಡ್ಕೊಳ್ತದೆ ಮೇಡಂ, ಎರಡು ವಾರದಿಂದ ನಿದ್ದೆಯೇ ಇಲ್ಲ ಅಂದ್ರು. ಯಾರೋ ಅವರ ಫೋಟೋವನ್ನೇ ಡಿಪಿ ಮಾಡಿ ಬೇರೆ ನಂಬರಿಂದ ವಾಟ್ಸಾಪಲ್ಲಿ ಪೇರೆಂಟ್ಸಿಗೆ "ಅರ್ಜೆಂಟ್ ಉಂಟು, ನಾಳೆ ವಾಪಸ್ ಕೊಡ್ತೇನೆ" ಅಂತ ಮೆಸೇಜ್ ಹಾಕಿದ್ದಾರೆ, ಗಲ್ಫಲ್ಲಿರುವ ಒಬ್ಬ ಅಪ್ಪ ಟೀಚರಲ್ವಾ ಅಂತ ಹಿಂದೆಮುಂದೆ ನೋಡದೆ ಐದು ಸಾವಿರ ಕಳಿಸಿಬಿಟ್ಟಿದ್ದಾರೆ. ಮನೆಯಲ್ಲಿ ಗಂಡ ಹೇಳಿದ್ದು "ನೀನು ಫೋಟೋ ಹಾಕಿದ್ದು ಯಾಕೆ?" ಅಂತ. ಮೋಸಕ್ಕಿಂತ ಆ ಮಾತೇ ಅವರನ್ನ ಜಾಸ್ತಿ ತಿಂದದ್ದು, ನಂಗೂ ಕೇಳಿ ಸಿಟ್ಟು ಬಂತು. ತಪ್ಪು ಕದ್ದವನದ್ದು, ನಿಮ್ಮದಲ್ಲ ಟೀಚರೇ ಅಂದೆ. ತುಂಬ ಹೊತ್ತು ಅತ್ರು. ಆ ದಿನ ಸೆಟ್ಟಿಂಗ್ಸ್ ಮಾತೇ ಎತ್ತಲಿಲ್ಲ.

ಒಂದೇ ಒಂದು ಕೆಲಸ ಮಾತ್ರ ಅವತ್ತೇ ಮಾಡಿಸಿದೆ. ಮಾನ ಹೋಯ್ತು ಅಂತ ಎಲ್ಲ ಡಿಲೀಟ್ ಮಾಡ್ಲಿಕ್ಕೆ ಹೊರಟಿದ್ರು, ಬೇಡ, ಆ ನಂಬರಿನ ಸ್ಕ್ರೀನ್‌ಶಾಟೇ ಸಾಕ್ಷಿ ಅಂದೆ. ಬೇರೆಯವರಂತೆ ನಟಿಸಿ ಆನ್‌ಲೈನಲ್ಲಿ ಮೋಸ ಮಾಡಿದ್ರೆ ಐಟಿ ಕಾಯ್ದೆಯ 66ಡಿ ಪ್ರಕಾರ 3 ವರ್ಷದವರೆಗೆ ಜೈಲು ಉಂಟು. ದುಡ್ಡು ಹೋದ ಅಪ್ಪನ ಹೆಂಡತಿ ಊರಲ್ಲೇ ಇದ್ರು, ಅವರಿಂದ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದ್ದಾಯ್ತು. ಬೇಗ ಮಾಡಿದಷ್ಟು ದುಡ್ಡು ತಡೆಹಿಡಿಯುವ ಚಾನ್ಸ್ ಜಾಸ್ತಿ, ಇಲ್ಲಿ ಎರಡು ವಾರ ಹೋಗಿಯೇ ಆಗಿತ್ತು.

ಎರಡನೇ ಸಲ ಬಂದಾಗ ಕ್ಲಾಸ್ ಗ್ರೂಪ್ ತೆಗೆದು ಒಟ್ಟಿಗೆ ಲೆಕ್ಕ ಮಾಡಿದೆವು. ಮಕ್ಕಳು 28, ನಂಬರು 61! 2020ರ ಜೂನಲ್ಲಿ, ಕೊರೋನಾ ಕಾಲದಲ್ಲಿ, ಕೇರಳ ಸರಕಾರದ ವಿಕ್ಟರ್ಸ್ ಚಾನೆಲಲ್ಲಿ ಫಸ್ಟ್ ಬೆಲ್ ಅನ್ನುವ ಟಿವಿ ಪಾಠ ಶುರುವಾದಾಗ ಮಾಡಿದ ಗ್ರೂಪದು, ಆಗಿನ ಮಕ್ಕಳು ಹೈಸ್ಕೂಲಿಗೆ ಹೋಗಿಯಾಯ್ತು, ಅವರ ಮನೆಯವರ ನಂಬರು ಅಲ್ಲೇ, ಜಾಯಿನ್ ಲಿಂಕ್ ಎಲ್ಲೆಲ್ಲಿ ತಿರುಗಿದೆಯೋ ದೇವರಿಗೇ ಗೊತ್ತು. ಲಿಂಕ್ ರಿಸೆಟ್ ಮಾಡಿ, ಸಂಬಂಧ ಇಲ್ಲದವರನ್ನ ತೆಗೆದು, ಶಾಲೆಗೆ ಅಂತ ಬೇರೆ ಸಿಮ್ ತಗೊಳ್ಳಿ, ಅದರ ಡಿಪಿಗೆ ಹೂವೋ ಎಂತದೋ ಹಾಕಿ, ಎರಡರಲ್ಲೂ ಟೂ ಸ್ಟೆಪ್ ಪಿನ್ (ಬೇರೆ ಫೋನಲ್ಲಿ ನಮ್ಮ ನಂಬರಿನ ವಾಟ್ಸಾಪ್ ತೆರೀಲಿಕ್ಕೆ ಹೋದ್ರೆ ಕೇಳುವ ಗುಟ್ಟಿನ ನಂಬರು) ಇಡಿ ಅಂದೆ. ನನ್ನ ಹೆಸರಲ್ಲಿ ದುಡ್ಡು ಕೇಳಿದ್ರೆ ಕೊಡಬೇಡಿ, ಮೊದಲು ನಂಗೆ ಕಾಲ್ ಮಾಡಿ ಅಂತ ವಾಯ್ಸ್ ಮೆಸೇಜನ್ನ ನನ್ನೆದುರೇ ಕನ್ನಡ, ಮಲಯಾಳ, ತುಳು ಮೂರರಲ್ಲೂ ರೆಕಾರ್ಡ್ ಮಾಡಿದ್ರು. ಕನ್ನಡದ್ದು ನಾಲ್ಕು ಸಲ ಆಯ್ತು, ಸ್ವರ ನಡುಗ್ತಿತ್ತು. ತುಳುವಿಗೆ ಬರುವಾಗ ಪಾಠ ಮಾಡುವ ಗಟ್ಟಿ ಸ್ವರ ಬಂದಿತ್ತು.

ಹಾಗೆ ಫೋನ್ ನೋಡುವಾಗಲೇ ಅವರ ಸ್ಟೇಟಸ್ ಕಣ್ಣಿಗೆ ಬಿತ್ತು. ಯೂನಿಫಾರ್ಮಲ್ಲಿ ನಿಂತ ಹುಡುಗಿ, ಕೈಯಲ್ಲಿ ಉತ್ತರ ಪತ್ರಿಕೆ, ಹೆಸರು, ಕ್ಲಾಸು, ಮಾರ್ಕು ಎಲ್ಲ ಕಾಣ್ತದೆ. ಪ್ರೀತಿಯಿಂದ ಹಾಕಿದ್ದು ಅಂತ ಗೊತ್ತು. ಹೇಳುದೋ ಬೇಡವೋ ಅಂತ ನಂಗೇ ಹಿಂಜರಿಕೆಯಾಯ್ತು, ನೊಂದವರಿಗೆ ಬುದ್ಧಿ ಹೇಳಿದ ಹಾಗೆ ಆಗ್ಬಾರ್ದು. ಮೆಲ್ಲ ಕೇಳಿದೆ, ಈ ಮಗುವಿನ ಅಮ್ಮನ ಹತ್ರ ಕೇಳಿದ್ರಾ? 2023ರ ಡೇಟಾ ರಕ್ಷಣೆ ಕಾಯ್ದೆ 18ರ ಒಳಗಿನವರನ್ನೆಲ್ಲ ಮಕ್ಕಳು ಅಂತಲೇ ಹಿಡಿದು ತಂದೆತಾಯಿ ಒಪ್ಪಿಗೆ ಬೇಕು ಅನ್ನುದು, ಆದ್ರೆ ನಾನು ಕಾಯ್ದೆಯ ಸುದ್ದಿ ತೆಗೀಲೇ ಇಲ್ಲ, ಅವರೇ ಸ್ವಲ್ಪ ಹೊತ್ತು ಫೋಟೋ ನೋಡಿ "ನನ್ನದನ್ನೂ ಯಾರೂ ಕೇಳ್ಲಿಲ್ಲ ಅಲ್ವಾ ಮೇಡಂ" ಅಂತ ಹೇಳಿ ತೆಗೆದ್ರು.

ಮೂರನೇ ಸಲ ಬಂದಾಗ ಹೇಳಿದ್ರು, ಶಾಲೆ ಕಾರ್ಯಕ್ರಮದ ಫೋಟೋ ಹಾಕ್ಲಾ ಅಂತ ಕೇಳಿದ್ದಕ್ಕೆ ಒಬ್ಬ ಅಮ್ಮ "ಬೇಡ ಟೀಚರೇ, ಅವರ ಅಪ್ಪನಿಗೆ ಇಷ್ಟ ಇಲ್ಲ" ಅಂದ್ರಂತೆ, ಸ್ವಲ್ಪ ಬೇಜಾರಾಯ್ತು, ಆದ್ರೂ ಹಾಕ್ಲಿಲ್ಲ. ರಾತ್ರಿ ಒಂಬತ್ತರ ಮೇಲೆ ಶಾಲೆ ಫೋನು ಅಡಿಗೆಮನೆ ಶೆಲ್ಫಲ್ಲಿ. ಈಗ ಐದು ಗಂಟೆ ನಿದ್ದೆ ಬರ್ತದಂತೆ. ಮುಂದಿನ ಸಲ ಗಂಡನನ್ನೂ ಕರ್ಕೊಂಡು ಬನ್ನಿ ಅಂದಿದ್ದೇನೆ.