ಬರೆದ ಗೂಡು ಬಾಗಿಲಿನಿಂದ ನೋಡಿದರೆ ಸರಿ, ಕುರ್ಚಿಯಿಂದ ನೋಡಿದರೆ ಸೊಟ್ಟ: ಏಕೆ?

ಪ್ರಶ್ನೆ: ನಡುಮನೆಯ ಗೋಡೆಯ ಮೇಲೆ, ಎದೆಮಟ್ಟದಲ್ಲಿ, ಉರಿಯುವ ದೀಪವಿರುವ ಗೂಡೊಂದನ್ನು ನಿಜವೆನಿಸುವಂತೆ ಬರೆದಿದ್ದೇನೆ. ಬಾಗಿಲಲ್ಲಿ ನಿಂತರೆ ಒಪ್ಪುತ್ತದೆ, ಪಕ್ಕದ ಕುರ್ಚಿಯಲ್ಲಿ ಕುಳಿತರೆ ಸೊಟ್ಟಗೆ ಕಾಣುತ್ತದೆ. ಆದರೆ ಮೈಸೂರಿನ ಜಗನ್ಮೋಹನ ಅರಮನೆಯ ಭಾವಚಿತ್ರಗಳ ಕಣ್ಣುಗಳು ಎತ್ತ ಸರಿದರೂ ನಮ್ಮನ್ನೇ ನೋಡುತ್ತವಲ್ಲ? – ಓದುಗರೊಬ್ಬರು, ಮಂಡ್ಯ

ಉತ್ತರ: ಚಿತ್ರ ಚಪ್ಪಟೆಯಾಗಿರುವುದೇ ಎರಡಕ್ಕೂ ಕಾರಣ. ನಿಜವಾದ ಮುಖದ ಪಕ್ಕಕ್ಕೆ ಸರಿದರೆ ಮೂಗು ಒಂದು ಕೆನ್ನೆಯನ್ನು ಮರೆಮಾಡುತ್ತದೆ. ಬರೆದ ಮುಖದಲ್ಲಿ ಅಂಥ ಬದಲಾವಣೆ ಆಗದಿರುವುದರಿಂದ, ನೇರವಾಗಿ ನೋಡುವಂತೆ ಬರೆದ ಕಣ್ಣು ಎಲ್ಲರನ್ನೂ ನೇರವಾಗಿಯೇ ನೋಡುತ್ತದೆ. ಗೂಡಿಗೆ ಇದೇ ಗುಣ ತೊಡಕು. ನಾವು ಸರಿದಂತೆ ಅದರ ಒಳಬದಿ ಹೆಚ್ಚೋ ಕಡಿಮೆಯೋ ಕಾಣಬೇಕು, ಬರೆದದ್ದು ಹಾಗೆಯೇ ಇರುತ್ತದೆ.

ಇದು ನಿಮ್ಮ ಕೈಯ ದೋಷವಲ್ಲ. ರೋಮಿನ ಸಂತ ಇಗ್ನೇಷಿಯಸ್ ಚರ್ಚಿಗಾಗಿ ಆಂದ್ರೆಯಾ ಪೊಟ್ಸೊ 1685ರಲ್ಲಿ ಚಪ್ಪಟೆ ಕ್ಯಾನ್ವಾಸಿನ ಮೇಲೆ ಗುಮ್ಮಟವನ್ನೇ ಬರೆದರು. ನೋಡುಗರು ನಿಲ್ಲಬೇಕಾದ ಜಾಗವನ್ನು ಅಲ್ಲಿ ನೆಲದ ಮೇಲೆ ಗುರುತಿಸಲಾಗಿದೆ. ಅದನ್ನು ಬಿಟ್ಟು ಸರಿದರೆ ಆ ಗುಮ್ಮಟವೂ ವಾಲುತ್ತದೆ.

ಆದ್ದರಿಂದ ಗೂಡಿನ ಆಳವನ್ನು ಎರಡು ಮೂರು ಇಂಚಿನಷ್ಟೇ ತೋರಿಸಿ. ಆಳ ಕಡಿಮೆಯಾದಷ್ಟೂ ಸರಿದಾಗ ಕಾಣುವ ತಪ್ಪು ಕಡಿಮೆ. ಬಾಗಿಲಲ್ಲಿ ನಿಂತವರ ಕಣ್ಣಿನ ಎತ್ತರಕ್ಕಿಂತ ಗೂಡು ಕೆಳಗಿರುವುದರಿಂದ ಅದರ ಅಡಿಹಲಗೆಯ ಮೇಲ್ಭಾಗ ಕಾಣಬೇಕು, ಚಾವಣಿ ಕಾಣಬಾರದು. ನೆರಳನ್ನು ಕೋಣೆಯ ನಿಜವಾದ ಕಿಟಕಿಗೆ ಹೊಂದಿಸುವುದು ಇನ್ನೂ ಮುಖ್ಯ: ಬೆಳಕು ಎಡದಿಂದ ಬರುತ್ತಿದ್ದರೆ ಗೂಡಿನ ಎಡ ಒಳಬದಿ ಕತ್ತಲು, ಬಲ ಒಳಬದಿ ಬೆಳಕು. ನೆರಳಿಗೆ ಕಪ್ಪನ್ನು ಬಳಿಯದೆ ಗೋಡೆಯ ಬಣ್ಣವನ್ನೇ ಗಾಢಗೊಳಿಸಿ, ನೆರಳಿನ ಅಂಚು ಅಂಚುಪಟ್ಟಿಯ ಬಳಿ ಚೂಪಾಗಿದ್ದು ದೂರ ಹೋದಂತೆ ಮಸುಕಾಗಲಿ.

ದೀಪಕ್ಕೆ ಜಗನ್ಮೋಹನದಲ್ಲಿಯೇ ಪಾಠವಿದೆ. ಎಸ್. ಎಲ್. ಹಳದಣಕರ್ ಅವರು ಜಲವರ್ಣದಲ್ಲಿ ಬರೆದ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಬಿಡುವಾಗಿ ನಿಂತು ನೋಡಿ. ಕಾಗದದ ಬಿಳುಪಿಗಿಂತ ಹೆಚ್ಚಿನ ಬೆಳಕು ಜಲವರ್ಣಕ್ಕಿಲ್ಲ. ಸುತ್ತಲಿನ ಗಾಢತೆ, ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳ ಕೆಂಪು, ಮುಖದ ಮೇಲೆ ಹರಡುವ ಹೊಂಬಣ್ಣ ಇವುಗಳೇ ದೀಪವನ್ನು ಉರಿಸುತ್ತವೆ. ನಾನು ಕಂಡ ಬೆಳಕಿನ ಚಿತ್ರಗಳಲ್ಲಿ ಇಷ್ಟು ಸಂಯಮದ್ದು ವಿರಳ. ನಿಮ್ಮ ಜ್ವಾಲೆಗೂ ಹಳದಿ ಹೆಚ್ಚಿಸಬೇಡಿ, ಹಿಂದಿನ ಗೋಡೆಯ ಬಣ್ಣವನ್ನು ಗಾಢಗೊಳಿಸಿ. ಕೊನೆಗೆ ಹೊಳಪಿಲ್ಲದ ಬಣ್ಣವನ್ನೇ ಬಳಸಿ. ಹೊಳಪಿನ ಪೇಂಟಿನಲ್ಲಿ ಕಿಟಕಿಯ ಪ್ರತಿಫಲನ ಕಂಡರೆ ಗೋಡೆ ಚಪ್ಪಟೆಯೆಂದು ಒಡನೆಯೇ ತಿಳಿದುಬಿಡುತ್ತದೆ.