ಪ್ರಾರ್ಥಿಸಿದವರಿಗೆ ಕೃತಜ್ಞತೆ ಹೇಳುವುದು ಹೇಗೆ?

ಪ್ರಶ್ನೆ: ನನ್ನ ಮೈದುನ ಮತ್ತು ನೆಗೆಣ್ಣಿ ಇಬ್ಬರು ಮಕ್ಕಳೊಂದಿಗೆ ಜಾರ್ಖಂಡಿನ ಸಂತಾಲ ಹಳ್ಳಿಗಳಲ್ಲಿ ಸುವಾರ್ತಾ ಸೇವೆಯಲ್ಲಿದ್ದು, ಮೇ ತಿಂಗಳಿನಲ್ಲಿ ಊರಿಗೆ ಬರುತ್ತಿದ್ದಾರೆ. ಅವರು ಹೋದಂದಿನಿಂದ ನಮ್ಮ ಸಭೆಯ ಕೆಲವು ಹಿರಿಯ ಹೆಣ್ಣುಮಕ್ಕಳು ಬುಧವಾರ ಮಧ್ಯಾಹ್ನ ಮಗ್ಗ ಬಿಟ್ಟೆದ್ದು ಬಂದು ಅವರಿಗಾಗಿ ಪ್ರಾರ್ಥಿಸುತ್ತಿದ್ದಾರೆ. ಸಮಾರಂಭ ಮಾಡಿ ಇವರಿಗೆಲ್ಲ ಶಾಲು ಹೊದಿಸೋಣವೆಂದು ಸಭೆಯ ಹಿರಿಯರು ಹೇಳುತ್ತಾರೆ. ಇದು ಸರಿಯೇ? ಸೇವೆಯಲ್ಲಿ ಆದ ಸೋಲುಗಳನ್ನೂ ಇವರ ಮುಂದೆ ಹೇಳಬೇಕೆ?
– ಓದುಗರು, ಗುಳೇದಗುಡ್ಡ

ಉತ್ತರ: ಶಾಲು ಹೊದಿಸುವುದರಲ್ಲಿ ತಪ್ಪೇನಿಲ್ಲ, ಆದರೆ ನಮ್ಮ ಕಡೆಯ ಸನ್ಮಾನಗಳಲ್ಲಿ ಭಾಷಣ ಮಾಡುವವರು ಯಾರು, ಸುಮ್ಮನೆ ಕೂತು ಚಪ್ಪಾಳೆ ತಟ್ಟುವವರು ಯಾರು ಎಂಬುದು ನಿಮಗೂ ಗೊತ್ತು. ಆ ತಾಯಂದಿರಿಗೆ ಸಲ್ಲಬೇಕಾದದ್ದು ಗೌರವಕ್ಕಿಂತ ಹೆಚ್ಚಾಗಿ ಸುದ್ದಿ. ತಾವು ಯಾವುದಕ್ಕಾಗಿ ಮೊಣಕಾಲೂರಿದ್ದರೋ ಅದು ಏನಾಯಿತು ಎಂದು ಕೇಳುವ ಹಕ್ಕು ಅವರಿಗಿದೆ.

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 14ನೆಯ ಅಧ್ಯಾಯದ ಕೊನೆಯನ್ನು ಓದಿ ನೋಡಿ. ಪೌಲ ಬಾರ್ನಬರು ತಮ್ಮ ಮೊದಲ ಯಾತ್ರೆ ಮುಗಿಸಿ, ತಮ್ಮನ್ನು ಉಪವಾಸ ಪ್ರಾರ್ಥನೆಗಳೊಂದಿಗೆ ಕಳುಹಿಸಿದ್ದ ಅಂತಿಯೋಕ್ಯಕ್ಕೆ ಮರಳಿದಾಗ, ಸಭೆಯನ್ನು ಕೂಡಿಸಿ ನಡೆದದ್ದನ್ನು ವಿವರಿಸಿದರು. ಆ ಮೇಲೆ ಬಹುಕಾಲ ಶಿಷ್ಯರ ಜೊತೆಯಲ್ಲೇ ಉಳಿದರು. ಅದೇ ಯಾತ್ರೆಯಲ್ಲಿ ಜೊತೆಗಾರ ಯೋಹಾನನು ಅರ್ಧಕ್ಕೇ ಹಿಂದಿರುಗಿದ್ದನ್ನೂ ಲುಸ್ತ್ರದಲ್ಲಿ ಪೌಲನ ಮೇಲೆ ಕಲ್ಲೆಸೆದದ್ದನ್ನೂ ಆ ಪುಸ್ತಕ ಬರೆದ ಲೂಕನು ಮುಚ್ಚಿಡಲಿಲ್ಲ. ಹಾಗಿರುವಾಗ ನಿಮ್ಮ ಮೈದುನರೂ ಮುಚ್ಚಿಡಬೇಕಾಗಿಲ್ಲ. ಬರ, ಹೆರಿಗೆ, ಅಗಲಿಕೆ, ಸಾಲ ಎಲ್ಲವನ್ನೂ ದಾಟಿ ಬಂದ ಹೆಂಗಸರ ಮನಸ್ಸು ಒಂದು ಸೋಲಿನ ಸುದ್ದಿಗೆ ಮುರಿಯುವಂಥದ್ದಲ್ಲ. ಬರೀ ಜಯದ ಸಾಕ್ಷಿಯನ್ನಷ್ಟೇ ಕೇಳಿಸಿದರೆ ಅವರು ಮುಂದಿನ ಬುಧವಾರ ಯಾವುದಕ್ಕಾಗಿ ಪ್ರಾರ್ಥಿಸಬೇಕು?

ನಿಮ್ಮ ಊರಿಗೆ ಇದರಲ್ಲಿ ಇನ್ನೊಂದು ನಂಟೂ ಇದೆ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಎಂಬ ಸುವಾರ್ತಾ ಸಂಸ್ಥೆ 1834ರಲ್ಲಿ ಮಂಗಳೂರಿಗೂ 1851ರಲ್ಲಿ ಗುಳೇದಗುಡ್ಡಕ್ಕೂ ಬಂದಿತು. ಮಿಷನರಿಗಳು ಬರೆದು ಕಳುಹಿಸಿದ ವರದಿಗಳನ್ನು ಮಿಷನ್ನಿನ ಪತ್ರಿಕೆಯಲ್ಲಿ ಓದಿಯೇ ಬಾಸೆಲ್ ಕಡೆಯ ಜನ ಪ್ರಾರ್ಥಿಸುತ್ತಿದ್ದರು. 1855ರಲ್ಲಿ ಆರಂಭವಾದ ವಾರದ ವಂತಿಗೆಗೆ ಬಡವರೂ ಅರ್ಧ ಬಾಟ್ಸೆನ್ ಎಂಬ ಚಿಲ್ಲರೆ ಕಾಸನ್ನು ಹಾಕುತ್ತಿದ್ದರು. ಖಣ ನೇಯುವ ನಿಮ್ಮ ಊರನ್ನು ಕಣ್ಣಾರೆ ಕಾಣದ ಆ ಜನಕ್ಕೆ ಆಧಾರವಾಗಿದ್ದುದು ಸುದ್ದಿಯೊಂದೇ. ಸಂತಾಲ ಹಳ್ಳಿಗಳ ವಿಷಯದಲ್ಲಿ ನಿಮ್ಮ ಹೆಣ್ಣುಮಕ್ಕಳು ಇಂದು ಅದೇ ಸ್ಥಾನದಲ್ಲಿದ್ದಾರೆ.

ಆದ್ದರಿಂದ ನನ್ನ ಸಲಹೆ ಇಷ್ಟು: ದಂಪತಿಗಳು ಅವರಲ್ಲಿ ಪ್ರತಿಯೊಬ್ಬರ ಮನೆಗೂ ಹೋಗಲಿ. ತಾವು ಕಳುಹಿಸಿದ ಹಳೆಯ ಪ್ರಾರ್ಥನಾ ಪತ್ರಗಳನ್ನು ಕೈಯಲ್ಲಿ ಹಿಡಿದು ಕೂತು, “ಇಂಥ ತಿಂಗಳು ಮಗುವಿಗೆ ಮಲೇರಿಯಾ ಬಂದಿತ್ತು, ವಾಸಿಯಾಯಿತು. ಇಂಥವರ ಮನೆ ಜಗಳ ಇನ್ನೂ ನಿಂತಿಲ್ಲ. ಭಾಷೆ ಈಗಷ್ಟೇ ನಾಲಿಗೆಗೆ ಒಗ್ಗುತ್ತಿದೆ” ಎಂದು ಒಂದೊಂದಾಗಿ ಹೇಳಲಿ. ಓದು ಬಾರದ ಅಜ್ಜಿಯರು ಇಂಥದ್ದನ್ನು ಅಕ್ಷರ ಬಲ್ಲವರಿಗಿಂತ ಚೆನ್ನಾಗಿ ನೆನಪಿಟ್ಟಿರುತ್ತಾರೆ. ತಪ್ಪಿದರೆ ಅವರೇ ತಿದ್ದುತ್ತಾರೆ. ಅಲ್ಲಿನ ಜನರ ಸಂಕಟಗಳನ್ನು ಮಾತ್ರ ಅವರ ಹೆಸರು, ಫೋಟೋ ಸಮೇತ ವಾಟ್ಸಾಪಿನಲ್ಲಿ ಹರಡಬಾರದು.

ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ ಹಲವರಿಗೆ ಹೆಸರು ಹಿಡಿದು ವಂದನೆ ಹೇಳುತ್ತಾ, ರೂಫನ ತಾಯಿ ತನಗೂ ತಾಯಿಯೇ ಎನ್ನುತ್ತಾನೆ. ಭಾನುವಾರದ ಆರಾಧನೆಯಲ್ಲಿ ಮೈದುನರು ಹಾಗೆಯೇ ಒಬ್ಬೊಬ್ಬರ ಹೆಸರು ಹೇಳಿದರೆ ಸಾಕು. ಹಿರಿಯರು ಪಟ್ಟು ಹಿಡಿದರೆ ಶಾಲನ್ನೂ ಆಗಲೇ ಹೊದಿಸಬಹುದು. ಆದರೆ ಅದು ಅವರು ಬಂದಿಳಿದ ಮೊದಲ ಭಾನುವಾರವೇ ಆಗದಿರಲಿ. ದೂರದ ರೈಲು ಪ್ರಯಾಣ, ಮೇಲೆ ಬಾಗಲಕೋಟೆಯ ಮೇ ಬಿಸಿಲು. ಮಕ್ಕಳು ಮೊದಲು ನಿದ್ದೆ ಮಾಡಿ, ಅಣ್ಣತಮ್ಮಂದಿರ ಮಕ್ಕಳೊಡನೆ ಆಡಿಕೊಳ್ಳಲಿ, ಮತ್ತು ಅವರಾಗಿಯೇ ಬಯಸಿದ ಹೊರತು ವೇದಿಕೆ ಹತ್ತಿಸಿ ಸಂತಾಲಿ ಹಾಡು ಹೇಳಿಸಬೇಡಿ.